ಗೋಡೆಯ ಮೇಲಿನ ಕಾಳಗ: ದರಿಯಾ ದೌಲತ್ ಚಿತ್ರಗಳೂ ಮೈಸೂರು ಯುದ್ಧಗಳ ಚರಿತ್ರೆಯೂ

ಶ್ರೀರಂಗಪಟ್ಟಣದ ಕೋಟೆಯ ಹೊರಗೆ, ಪೂರ್ವ ದಿಕ್ಕಿನಲ್ಲಿ, ಕಾವೇರಿ ದಂಡೆಯ ತೋಟದ ನಡುವೆ ದರಿಯಾ ದೌಲತ್ ಅರಮನೆ ಇದೆ. ಟಿಪ್ಪು ಸುಲ್ತಾನ್ 1784ರಲ್ಲಿ ಕಟ್ಟಿಸಿದ ಈ ಬೇಸಿಗೆ ಅರಮನೆ ಗಾತ್ರದಲ್ಲಿ ದೊಡ್ಡದೇನಲ್ಲ. ಎತ್ತರದ ಜಗಲಿ, ತೇಗದ ಕಂಬಗಳು, ಸುತ್ತಲೂ ಪಡಸಾಲೆ, ಬಿಸಿಲು ಮಳೆಗೆ ಅಡ್ಡವಾಗಿ ಇಳಿಬಿಟ್ಟ ಹಸಿರು ಪರದೆಗಳು. ಪರದೆಯ ಒಳಗೆ ಕಾಲಿಟ್ಟರೆ ಗೋಡೆಯಲ್ಲಿ ಅಂಗೈಯಗಲ ಜಾಗವೂ ಖಾಲಿ ಕಾಣುವುದಿಲ್ಲ. ಒಳಗೆಲ್ಲ ಹೂಬಳ್ಳಿಯ ಚಿತ್ತಾರ. ಹೊರಗೋಡೆಗಳ ತುಂಬ ಮನುಷ್ಯರು. ಪಶ್ಚಿಮದ ಗೋಡೆ ಯುದ್ಧಕ್ಕೆ, ಪೂರ್ವದ ಗೋಡೆ ಒಡ್ಡೋಲಗಗಳಿಗೆ ಮೀಸಲು.

ನಮ್ಮ ಚರಿತ್ರೆಯ ಪುಸ್ತಕಗಳಲ್ಲಿ ಚಿತ್ರಗಳಿಗೆ ಸಿಗುವ ಜಾಗ ಚಿಕ್ಕದು. ಶಾಸನ, ಕಡತ, ಬಖೈರುಗಳಿಂದ ಕಥೆ ಕಟ್ಟಿಕೊಂಡ ಮೇಲೆ ಪುಟದ ಅಂಚಿನಲ್ಲಿ ಒಂದು ಚಿತ್ರ ಹಾಕುತ್ತೇವೆ. ಅದು ಬರಹವನ್ನು ಸಾಕ್ಷೀಕರಿಸಿದರೆ ಸಂತೋಷ, ವಿರೋಧಿಸಿದರೆ ಚಿತ್ರಕಾರನ ಕಲ್ಪನೆ ಎಂದು ಬದಿಗಿಡುತ್ತೇವೆ. ಚಿತ್ರವನ್ನು ಕಡತದಷ್ಟೇ ಕಟ್ಟುನಿಟ್ಟಾಗಿ ಓದಬೇಕು ಎಂಬುದು ಈ ಲೇಖನದ ವಾದ. ಯಾರು ಬರೆಸಿದರು, ಯಾವ ವರ್ಷ, ಯಾರ ಕಣ್ಣಿಗೆ, ಏನನ್ನು ಬಿಟ್ಟರು, ಆಮೇಲೆ ಯಾರು ಅಳಿಸಿದರು, ಯಾರು ತಿದ್ದಿದರು ಎಂಬ ಪ್ರಶ್ನೆಗಳನ್ನು ಒಂದು ಚಿತ್ರಕ್ಕೆ ಹಾಕಿ ನೋಡಿದಾಗ ಅದು ತೋರಿಸುವ ಘಟನೆಗಿಂತ ಅದು ಹಾದುಬಂದ ಕಾಲಗಳ ಬಗ್ಗೆ ಹೆಚ್ಚು ಖಚಿತವಾದ ಸಂಗತಿಗಳು ಸಿಗುತ್ತವೆ. ದರಿಯಾ ದೌಲತ್‌ನ ಪಶ್ಚಿಮದ ಗೋಡೆ ಅಂಥ ಓದಿಗೆ ಕರ್ನಾಟಕದಲ್ಲಿರುವ ಅತ್ಯುತ್ತಮ ನಿದರ್ಶನಗಳಲ್ಲಿ ಒಂದು. ಅದೇ ಯುದ್ಧಗಳನ್ನು ಎದುರಾಳಿಗಳಾದ ಇಂಗ್ಲಿಷರೂ ಚಿತ್ರಿಸಿದ್ದರಿಂದ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುವ ಅನುಕೂಲ ನಮಗಿದೆ.

ಪೊಳ್ಳಿಲೂರು, 10 ಸೆಪ್ಟೆಂಬರ್ 1780

ಮೊದಲು ಬರಹದ ಆಧಾರಗಳು ಹೇಳುವ ಕಥೆ. 1780ರಲ್ಲಿ ಹೈದರ್ ಅಲಿ ಘಟ್ಟ ಇಳಿದು ಆರ್ಕಾಟಿನ ಸೀಮೆಗೆ ನುಗ್ಗಿದ. ಅವನನ್ನು ತಡೆಯಲು ಸರ್ ಹೆಕ್ಟರ್ ಮನ್ರೋ ಕಂಚಿಯಲ್ಲಿ ಬೀಡುಬಿಟ್ಟ. ಗುಂಟೂರು ಕಡೆಯಿಂದ ಕರ್ನಲ್ ವಿಲಿಯಂ ಬೇಯ್ಲಿ ತನ್ನ ತುಕಡಿಯೊಂದಿಗೆ ಬಂದು ಅವನನ್ನು ಕೂಡಿಕೊಳ್ಳಬೇಕಿತ್ತು. ಟಿಪ್ಪು ಸೆಪ್ಟೆಂಬರ್ 6ರಂದು ಪೆರಂಬಾಕ್ಕಂ ಬಳಿ ಬೇಯ್ಲಿಯನ್ನು ಅಡ್ಡಗಟ್ಟಿದ. ಮನ್ರೋ ಕಳುಹಿಸಿದ ಕರ್ನಲ್ ಫ್ಲೆಚರನ ಪಡೆ ಬಂದು ಸೇರಿದ ಮೇಲೆ ಬೇಯ್ಲಿಯ ಸೈನ್ಯ ಸುಮಾರು 3,800ಕ್ಕೆ ಏರಿತು. 10ರಂದು ಪೊಳ್ಳಿಲೂರಿನ ಬಯಲಿನಲ್ಲಿ ಹೈದರನ ಮುಖ್ಯ ಸೈನ್ಯವೂ ಟಿಪ್ಪುವಿನ ಪಡೆಯೂ ಎರಡು ಕಡೆಯಿಂದ ಮೇಲೆ ಬಿದ್ದವು. ಇಂಗ್ಲಿಷರು ಚೌಕವ್ಯೂಹ ಕಟ್ಟಿ ನಿಂತರು. ಅವರ ಮದ್ದಿನ ಬಂಡಿಗಳು ಸಿಡಿದವು. ಅಲ್ಲಿಗೆ ಕಾಳಗದ ಗತಿ ತೀರ್ಮಾನವಾಯಿತು. ಫ್ಲೆಚರ್ ಸತ್ತ, ಗಾಯಗೊಂಡ ಬೇಯ್ಲಿ ಸೆರೆಯಾದ. ಕೆಲವೇ ಹರದಾರಿ ದೂರದಲ್ಲಿದ್ದ ಮನ್ರೋ ನೆರವಿಗೆ ಬರಲಿಲ್ಲ. ತನ್ನ ಭಾರದ ಫಿರಂಗಿಗಳನ್ನು ಕಂಚಿಯ ದೇವಸ್ಥಾನದ ಕೊಳಕ್ಕೆ ತಳ್ಳಿ ಮದರಾಸಿಗೆ ಹಿಮ್ಮೆಟ್ಟಿದ. ಬೇಯ್ಲಿ 1782ರ ನವೆಂಬರಿನಲ್ಲಿ ಶ್ರೀರಂಗಪಟ್ಟಣದ ಸೆರೆಯಲ್ಲೇ ತೀರಿಕೊಂಡ. ಅವನ ಸ್ಮಾರಕ ಇಂದಿಗೂ ಗುಂಬಜ್ ಬಳಿ ಇದೆ. ಅದೇ ಕಾಳಗದಲ್ಲಿ ಸೆರೆಸಿಕ್ಕ ಇನ್ನೊಬ್ಬ ಅಧಿಕಾರಿ ಡೇವಿಡ್ ಬೇರ್ಡ್. ಅವನ ಹೆಸರು ಮುಂದೆ ಮತ್ತೆ ಬರುತ್ತದೆ.

ಗೋಡೆ ಇದನ್ನು ಹೇಗೆ ಹೇಳುತ್ತದೆ? ನಡುವೆ ಚೌಕವ್ಯೂಹ. ಕೆಂಪು ಅಂಗಿಯ ಸಿಪಾಯಿಗಳು ಒತ್ತೊತ್ತಾಗಿ, ಒಬ್ಬರಂತೆ ಇನ್ನೊಬ್ಬರು, ಬಂದೂಕು ಹಿಡಿದು ಹೊರಮುಖವಾಗಿ ನಿಂತಿದ್ದಾರೆ. ಚೌಕದ ಒಳಗೆ ಪಲ್ಲಕ್ಕಿಯಲ್ಲಿ ಬೇಯ್ಲಿ, ಬಾಯಿಗೆ ಬೆರಳಿಟ್ಟ ಭಂಗಿಯಲ್ಲಿ. ದಖ್ಖಣದ ಮತ್ತು ಪಾರಸಿಯ ಚಿತ್ರಗಳಲ್ಲಿ ಬೆರಗಾದವರನ್ನು, ದಿಕ್ಕುತಪ್ಪಿದವರನ್ನು ಹೀಗೇ ಬರೆಯುವುದು ವಾಡಿಕೆ. ಮದ್ದಿನ ಬಂಡಿ ಹೊತ್ತಿ ಉರಿಯುತ್ತಿದೆ. ಎರಡೂ ಬದಿಯಿಂದ ಮೈಸೂರಿನ ಕುದುರೆ ಸವಾರರು ಅಲೆಯಂತೆ ಒತ್ತಿಕೊಂಡು ಬರುತ್ತಿದ್ದಾರೆ. ನೆಲದ ಮೇಲೆ ರುಂಡ ಮುಂಡಗಳು ಬೇರೆಯಾಗಿ ಬಿದ್ದಿವೆ. ಹೈದರನ ಕಡೆ ಫ್ರೆಂಚ್ ಪಡೆಯನ್ನು ನಡೆಸುತ್ತಿದ್ದ ಲಾಲಿ ದೂರದರ್ಶಕವನ್ನು ಕಣ್ಣಿಗೆ ಹಿಡಿದಿದ್ದಾನೆ. ಇಷ್ಟೆಲ್ಲ ಗದ್ದಲದ ನಡುವೆ ಟಿಪ್ಪುವಿನ ಕೈಯಲ್ಲಿ ಒಂದು ಗುಲಾಬಿ. ಹೈದರನ ಮುಖದಲ್ಲಿಯೂ ಉದ್ವೇಗವಿಲ್ಲ. ಇಂಗ್ಲಿಷರ ಮುಖಗಳು ನುಣ್ಣಗೆ ಬೋಳಿಸಿದವು, ಮೈಸೂರಿನವರಿಗೆ ಮೀಸೆ. ಚಿತ್ರಕಾರ ಈ ಭೇದವನ್ನು ಉದ್ದಕ್ಕೂ ತಪ್ಪದೆ ಪಾಲಿಸಿದ್ದಾನೆ.

19ನೆಯ ಶತಮಾನದಲ್ಲಿ ಇದನ್ನು ನೋಡಿದ ಇಂಗ್ಲಿಷ್ ಪ್ರವಾಸಿಗರಿಗೆ ಮೊದಲು ಕಂಡದ್ದು ಇಲ್ಲದಿರುವುದು: ದೂರ ಹತ್ತಿರದ ಲೆಕ್ಕಾಚಾರ. ಹಿಂದಿರುವವನು ಚಿಕ್ಕದಾಗಿಲ್ಲ, ನೆರಳಿಲ್ಲ, ದಿಗಂತವಿಲ್ಲ. ಅವರು ಇದನ್ನು ಬಾಲಿಶ ಎಂದರು. ಈ ತೀರ್ಪನ್ನು ಇತಿಹಾಸಕಾರ್ತಿ ಜಾನಕಿ ನಾಯರ್ 2006ರ ತಮ್ಮ ದೀರ್ಘ ಲೇಖನದಲ್ಲಿ ಪ್ರಶ್ನಿಸಿದ್ದಾರೆ. ಟಿಪ್ಪುವಿನ ಕಾಲದ ಚಿತ್ರ ಮತ್ತು ಐರೋಪ್ಯ ಚರಿತ್ರಚಿತ್ರಗಳ ನಡುವಿನ ಭೇದವನ್ನು ಕೌಶಲದ ಕೊರತೆ ಎಂದು ಓದುವುದು ಸಲ್ಲದು ಎಂಬ ದಿಕ್ಕಿನಲ್ಲಿ ಈ ಚರ್ಚೆಯನ್ನು ತಿರುಗಿಸಿದವರು ಅವರು. ನನ್ನ ಮಟ್ಟಿಗೆ ಇದಕ್ಕೆ ಸೇರಿಸಬೇಕಾದ ಮಾತೊಂದಿದೆ. ಈ ಗೋಡೆಯನ್ನು ಒಂದೇ ಕಡೆ ನಿಂತು ನೋಡುವುದು ಸಾಧ್ಯವಿಲ್ಲ. ಅದರ ಎದುರಿಗಿರುವುದು ಪಡಸಾಲೆ. ಕಂಬಗಳ ನಡುವೆ ನಡೆಯುತ್ತಲೇ ನೋಡಬೇಕು. ನಡೆಯುವವನಿಗೆ ಒಂದೇ ಕಣ್ಣುನೆಲೆಯ ದೂರಹತ್ತಿರ ಉಪಯೋಗಕ್ಕೆ ಬರುವುದಿಲ್ಲ. ಹೊರಟ ಸೈನ್ಯ, ಸುತ್ತುವರಿದ ಸೈನ್ಯ, ಮುರಿದ ಸೈನ್ಯ ಹೀಗೆ ಹೆಜ್ಜೆ ಹೆಜ್ಜೆಗೆ ಕಥೆ ಮುಂದುವರಿಯುತ್ತದೆ. ಬೇರೆ ಬೇರೆ ಗಳಿಗೆಯಲ್ಲಿ ನಡೆದದ್ದು ಒಂದೇ ಗೋಡೆಯಲ್ಲಿ ಒಟ್ಟಿಗೆ ಇದೆ.

ಕನ್ನಡ ನಾಡಿಗೆ ಈ ಕಥನಕ್ರಮ ಹೊಸತಾಗಿರಲಿಲ್ಲ. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಬೇಗೂರಿನ ವೀರಗಲ್ಲನ್ನು ನೋಡಿದವರಿಗೆ ಇದು ತಿಳಿದೀತು. ಗಂಗರ ಕಾಲದ ಆ ಕಲ್ಲಿನಲ್ಲಿ, ವೀರಮಹೇಂದ್ರನ ವಿರುದ್ಧ ಕಾದು ಬಿದ್ದ ನಾಗತ್ತರನ ಕಾಳಗ ಇದೆ. ಆನೆ, ಕುದುರೆ, ಕಾಲಾಳು, ಬಿದ್ದವರು, ಬೀಳಿಸಿದವರು ಎಲ್ಲರೂ ಒಂದೇ ಚಪ್ಪಡಿಯಲ್ಲಿ ಇಡಿಕಿರಿದಿದ್ದಾರೆ. ನಾಡಿನ ಸಾವಿರಾರು ವೀರಗಲ್ಲುಗಳಲ್ಲಿ ಮುಖ್ಯನಾದವನು ಉಳಿದವರಿಗಿಂತ ದೊಡ್ಡವನಾಗಿ ಕಾಣುವುದು ಅವನು ಹತ್ತಿರದಲ್ಲಿದ್ದಾನೆಂಬ ಕಾರಣಕ್ಕಲ್ಲ. ಆದರೆ ಒಂದು ದೊಡ್ಡ ವ್ಯತ್ಯಾಸವನ್ನು ಮರೆಯುವಂತಿಲ್ಲ. ವೀರಗಲ್ಲು ಸತ್ತವನದು, ಕೆಳಗೆ ಕಾಳಗ, ಮೇಲೆ ಅಪ್ಸರೆಯರ ನಡುವೆ ಸ್ವರ್ಗಯಾತ್ರೆ, ಇನ್ನೂ ಮೇಲೆ ದೇವಸನ್ನಿಧಿ. ದರಿಯಾ ದೌಲತ್‌ನ ಗೋಡೆ ಗೆದ್ದು ಬದುಕಿದವನದು. ಅಲ್ಲಿ ಮೇಲಿನ ಪಟ್ಟಿಕೆಗಳಲ್ಲೂ ಸೈನ್ಯವೇ ಇದೆ.

ಗೋಡೆಯಲ್ಲಿ ಇಲ್ಲದ ಯುದ್ಧಗಳು

ಚಿತ್ರ ಬರೆಸಿದ ವರ್ಷ ಇಲ್ಲಿ ಬಹಳ ಮುಖ್ಯ. ಹೈದರ್ 1782ರ ಡಿಸೆಂಬರಿನಲ್ಲಿ ತೀರಿಕೊಂಡಿದ್ದ. 1784ರ ಮಾರ್ಚ್‌ನಲ್ಲಿ ಮಂಗಳೂರಿನ ಒಪ್ಪಂದದೊಂದಿಗೆ ಎರಡನೆಯ ಮೈಸೂರು ಯುದ್ಧ ಮುಗಿಯಿತು. ಅದೇ ವರ್ಷ ಈ ಅರಮನೆ. ಅಂದರೆ ಪೊಳ್ಳಿಲೂರು ಗೋಡೆಗೆ ಏರುವ ಹೊತ್ತಿಗೆ ನಾಲ್ಕು ವರ್ಷ ಹಿಂದಿನ ಸುದ್ದಿ.

ಆ ನಾಲ್ಕು ವರ್ಷಗಳಲ್ಲಿ ನಡೆದದ್ದೇನು? 1781ರ ಜುಲೈ 1ರಂದು ಪರಂಗಿಪೇಟೆಯಲ್ಲಿ ಸರ್ ಐರ್ ಕೂಟ್ ಹೈದರನನ್ನು ಸೋಲಿಸಿದ. ಆಗಸ್ಟ್ 27ರಂದು ಅದೇ ಪೊಳ್ಳಿಲೂರಿನ ಬಯಲಿನಲ್ಲಿ ಎರಡನೆಯ ಕಾಳಗ ನಡೆಯಿತು. ಈ ಸಲ ಮೈಸೂರಿಗೆ ಮೊದಲಿನಂಥ ಗೆಲುವು ಸಿಗಲಿಲ್ಲ. ಸೆಪ್ಟೆಂಬರಿನಲ್ಲಿ ಶೋಳಿಂಗೂರಿನಲ್ಲಿ ಮತ್ತೊಂದು ಹಿನ್ನಡೆ. ಇವು ಯಾವುವೂ ಗೋಡೆಯಲ್ಲಿ ಇಲ್ಲ. ಒಂದೇ ಬಯಲಿನ ಎರಡು ಕಾಳಗಗಳಲ್ಲಿ ಮೊದಲನೆಯದನ್ನು ಮಾತ್ರ ಆರಿಸಿಕೊಂಡ ಈ ಆಯ್ಕೆ ಚಿತ್ರದ ಅತ್ಯಂತ ಸ್ಪಷ್ಟವಾದ ಹೇಳಿಕೆ. ಯುದ್ಧ ಒಟ್ಟಾರೆ ಸಮಸಮವಾಗಿ ಮುಗಿದಿತ್ತು. ಗೋಡೆಯಲ್ಲಿ ಅದು ಪೂರ್ಣ ವಿಜಯವಾಯಿತು. ಇನ್ನೂ ಒಂದು ಸಂಗತಿ. ಹೊಸದಾಗಿ ಪಟ್ಟಕ್ಕೆ ಬಂದ ಮಗ ತಂದೆಯ ಜೊತೆ ಸಮಸಮನಾಗಿ ಸೈನ್ಯದ ಮುಂದೆ ಕಾಣಿಸಿಕೊಳ್ಳುವ ಗೆಲುವು ಪೊಳ್ಳಿಲೂರು. ಸುತ್ತಲಿನ ಅರಸು ಮನೆತನಗಳ ನಡುವೆ ಹೈದರನ ವಂಶಕ್ಕೆ ಹಳೆಯ ಬೇರುಗಳಿರಲಿಲ್ಲ. ತಂದೆಯಿಂದ ಮಗನಿಗೆ ಶೌರ್ಯವೂ ಅಧಿಕಾರವೂ ಒಟ್ಟಿಗೇ ಇಳಿದು ಬಂದವು ಎಂಬುದನ್ನು ಒಡ್ಡೋಲಗಕ್ಕೆ ಬಂದುಹೋಗುವವರ ಕಣ್ಣೆದುರು ನಿಲ್ಲಿಸುವುದು 1784ರ ಅಗತ್ಯವಾಗಿತ್ತು.

ಹೈದರಾಬಾದಿನ ನಿಜಾಮನ ಭಾಗವೂ ಹೀಗೇ ಓದಿಸಿಕೊಳ್ಳುತ್ತದೆ. ಗೋಡೆಯಲ್ಲಿ ಅವನು ತಡವಾಗಿ ಬರುವ ಸೈನ್ಯದೊಂದಿಗೆ ಇದ್ದಾನೆ. ಅಲ್ಲೇ ಹಂದಿ ಮತ್ತು ಹಸು ಇವೆ. ಹಂದಿಯ ಹಾಗೆ ಗುಟುರು ಹಾಕಿ ಬಂದವನು ಹಸುವಿನ ಹಾಗೆ ಹಿಂದಿರುಗಿದ ಎಂದು ಸ್ಥಳೀಯರು ಇದನ್ನು ವಿವರಿಸುತ್ತಾರೆ. 1780ರ ಸೆಪ್ಟೆಂಬರ್ 10ರಂದು ನಿಜಾಮ ಪೊಳ್ಳಿಲೂರಿನಲ್ಲಿ ಇರಲೇ ಇಲ್ಲ. ಇಂಗ್ಲಿಷರ ವಿರುದ್ಧ ಹೈದರ್ ಮತ್ತು ಮರಾಠರೊಂದಿಗೆ ಕೂಡುವುದಾಗಿ ಒಪ್ಪಿ, ಆಮೇಲೆ ಹಿಂದೆ ಸರಿದಿದ್ದ. ಯುದ್ಧಭೂಮಿಯ ವರದಿಯಾಗಿ ನೋಡಿದರೆ ಇದು ತಪ್ಪು. ರಾಜಕೀಯ ನೆನಪಾಗಿ ನೋಡಿದರೆ ನಿಖರ: ಬರುತ್ತೇನೆಂದು ಬಾರದವನನ್ನು, ಬಾರದಿದ್ದ ಜಾಗದಲ್ಲೇ ತಂದು ನಿಲ್ಲಿಸಿ ಅವಮಾನಿಸಿದ್ದಾರೆ.

ಅಳಿಸಿದವರು, ತಿದ್ದಿದವರು

ಇಲ್ಲಿಂದ ಮುಂದೆ ಓದು ಕಷ್ಟವಾಗುತ್ತದೆ, ಹಾಗೆಯೇ ಹೆಚ್ಚು ಫಲವತ್ತಾಗುತ್ತದೆ. ನಾವು ಇಂದು ನೋಡುವ ಬಣ್ಣ 1784ರ ಬಣ್ಣವಲ್ಲ. 19ನೆಯ ಶತಮಾನದ ಬರಹಗಳ ಪ್ರಕಾರ ಶ್ರೀರಂಗಪಟ್ಟಣದ ಮುತ್ತಿಗೆಗೆ ಮುಂಚೆ ಟಿಪ್ಪುವೇ ಈ ಚಿತ್ರವನ್ನು ಅಳಿಸಿಸಿದ್ದ. 1799ರಲ್ಲಿ ಟಿಪ್ಪು ಸತ್ತು ಕೋಟೆ ಇಂಗ್ಲಿಷರ ಕೈಸೇರಿದ ಮೇಲೆ ದರಿಯಾ ದೌಲತ್‌ನಲ್ಲಿ ವಾಸವಿದ್ದ ಕರ್ನಲ್ ಆರ್ಥರ್ ವೆಲ್ಲೆಸ್ಲಿ ಅದನ್ನು ಸರಿಪಡಿಸಿದ. ಮತ್ತೆ ಸುಣ್ಣ ಬಿದ್ದು ಬಹುಪಾಲು ಮಾಸಿಹೋಯಿತು. 1850ರ ದಶಕದಲ್ಲಿ ಮೈಸೂರು ಸೀಮೆಗೆ ಬಂದ ಗವರ್ನರ್ ಜನರಲ್ ಡಾಲ್‌ಹೌಸಿ, ಮೂಲ ಚಿತ್ರವನ್ನು ನೆನಪಿಟ್ಟಿದ್ದ ದೇಶೀ ಕಲಾವಿದನೊಬ್ಬನಿಂದ ಅದನ್ನು ಮತ್ತೆ ಬರೆಸಿದ.

ಈ ಸರಣಿಯಲ್ಲಿ ಪ್ರತಿ ಕೊಂಡಿಯೂ ಒಂದು ಚಾರಿತ್ರಿಕ ದಾಖಲೆ. ಟಿಪ್ಪು ಅಳಿಸಿಸಿದ್ದನ್ನು ಭಯವೆಂದು ಓದಬಹುದು, ರಾಜತಂತ್ರವೆಂದೂ ಓದಬಹುದು. ವಿಜಯದ ಚಿತ್ರ ಕೈಗೆ ಸಿಕ್ಕರೆ ಸೇಡಿನ ಕಿಚ್ಚು ಹೆಚ್ಚೀತು ಎಂಬ ಅರಿವು ಅದರಲ್ಲಿದೆ. ಚಿತ್ರಕ್ಕೆ ಎದುರಾಳಿಯ ಮೇಲೆ ಎಷ್ಟು ಬಲವಿತ್ತು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಇಂಗ್ಲಿಷ್ ಸೇನಾಧಿಕಾರಿ ತನ್ನವರ ಸೋಲಿನ ಚಿತ್ರವನ್ನು ಏಕೆ ಉಳಿಸಿದ? ಶ್ರೀರಂಗಪಟ್ಟಣ ಬಿದ್ದ ಮೇಲೆ ಆ ಚಿತ್ರದ ಅರ್ಥ ಬದಲಾಗಿತ್ತು ಎಂಬುದು ನನ್ನ ಉತ್ತರ. ಸತ್ತ ಶತ್ರು ಹಿಂದೆ ಎಷ್ಟು ಬಲಿಷ್ಠನಾಗಿದ್ದ ಎಂದು ತೋರಿಸಿದಷ್ಟೂ ಅವನನ್ನು ಕೊಂದವರ ಹಿರಿಮೆ ಏರುತ್ತದೆ. ಟಿಪ್ಪುವಿನ ವಿಜಯಚಿತ್ರ ವೆಲ್ಲೆಸ್ಲಿಯ ಮನೆಯಲ್ಲಿ ಗೆದ್ದು ತಂದ ವಸ್ತುವಾಯಿತು. ಡಾಲ್‌ಹೌಸಿಯ ಕಾಲಕ್ಕೆ ಅದು ನೋಡಿ ಹೋಗುವ ಪುರಾತನ ಕೌತುಕ.

ಮೂಲವನ್ನು ನೆನಪಿಟ್ಟಿದ್ದ ಕಲಾವಿದ ಎಂಬ ಮಾತಿನ ಮೇಲೂ ಸ್ವಲ್ಪ ನಿಲ್ಲಬೇಕು. 1784ರಿಂದ 1850ರ ದಶಕಕ್ಕೆ ಸುಮಾರು 70 ವರ್ಷ. ಅವನು ಬಾಲ್ಯದಲ್ಲಿ ನೋಡಿದ್ದು ಬಹುಶಃ ವೆಲ್ಲೆಸ್ಲಿ ಸರಿಪಡಿಸಿದ ರೂಪವನ್ನೇ ಹೊರತು ಟಿಪ್ಪು ಬರೆಸಿದ್ದನ್ನಲ್ಲ. ಹಾಗಾದರೆ ಇಂದಿನ ಗೋಡೆ ನೆನಪಿನ ಮೇಲೆ ಕೂತ ನೆನಪು. ವೇಷಭೂಷಣ, ಆಯುಧ, ಕುದುರೆಯ ಜೀನುಗಳನ್ನು 1780ರ ನೇರ ಸಾಕ್ಷ್ಯವೆಂದು ಬಳಸುವ ಸಂಶೋಧಕರು ಇಲ್ಲಿ ಎಚ್ಚರ ವಹಿಸಲೇಬೇಕು. ರುಮಾಲು ಸುತ್ತಿದ ಬಗೆ 1780ರದೋ 1850ರದೋ ಎಂದು ಬಣ್ಣವೊಂದನ್ನೇ ನೋಡಿ ಹೇಳಲಾಗದು. ಸಂಯೋಜನೆಯ ದೊಡ್ಡ ರೇಖೆಗಳ ವಿಷಯದಲ್ಲಿ ಮಾತ್ರ ಭರವಸೆ ಹೆಚ್ಚು: ಚೌಕ, ಪಲ್ಲಕ್ಕಿ, ಸ್ಫೋಟ, ಎರಡು ಕಡೆಯ ದಾಳಿ. ಇವು ಬರಹದ ಆಧಾರಗಳೊಂದಿಗೆ ಸರಿಹೊಂದುತ್ತವೆ.

ಪೂರ್ವದ ಗೋಡೆಯ ಅತಿಥಿಗಳು

ತಿದ್ದುಪಡಿಯ ಅತ್ಯಂತ ನಿಚ್ಚಳವಾದ ಗುರುತು ಯುದ್ಧದ ಗೋಡೆಯಲ್ಲಿಲ್ಲ, ಎದುರಿನ ದಿಕ್ಕಿನಲ್ಲಿದೆ. ಪೂರ್ವದ ಗೋಡೆಯ ಐದು ಸಾಲುಗಳಲ್ಲಿ ಅರಸರ ಒಡ್ಡೋಲಗಗಳಿವೆ. ತಂಜಾವೂರಿನ ರಾಜ, ಕೊಡಗಿನ ರಾಜ, ಅವಧ್, ಸವಣೂರು, ಆರ್ಕಾಟು, ಕಡಪದ ನವಾಬರು, ಬನಾರಸಿನ ರಾಜ, ಚಿತ್ತೂರಿನ ರಾಣಿ, ಪೇಶ್ವೆ ಬಾಲಾಜಿ ರಾವ್, ಚಿತ್ರದುರ್ಗದ ಮದಕರಿ ನಾಯಕ, ಮಾಗಡಿ ಕೆಂಪೇಗೌಡ. ಜೊತೆಗೆ ಮುಮ್ಮಡಿ ಕೃಷ್ಣರಾಜ ಒಡೆಯರ್.

ಕೃಷ್ಣರಾಜ ಒಡೆಯರು ಹುಟ್ಟಿದ್ದು 1794ರಲ್ಲಿ. ಟಿಪ್ಪು ಸತ್ತ ಮೇಲೆ, 1799ರ ಜೂನ್ 30ರಂದು, ಐದು ವರ್ಷದ ಹುಡುಗನಾಗಿ ಪಟ್ಟಕ್ಕೆ ಬಂದರು. 1784ರ ಗೋಡೆಯಲ್ಲಿ ಅವರಿರುವುದು ಸಾಧ್ಯವೇ ಇಲ್ಲ. ಮಾರ್ಗದರ್ಶಿ ಪುಸ್ತಕಗಳು ಇಡೀ ಗೋಡೆಯನ್ನು ಟಿಪ್ಪುವಿನ ಸಮಕಾಲೀನರ ಚಿತ್ರಶಾಲೆ ಎಂದು ಕರೆದು ಈ ತೊಡಕನ್ನು ಗಮನಿಸದೆ ಮುಂದೆ ಹೋಗುತ್ತವೆ. ಉಳಿದವರ ವಿಷಯದಲ್ಲೂ ಆ ಮಾತು ನಿಲ್ಲುವುದಿಲ್ಲ. ಮಾಗಡಿಯ ಕೆಂಪೇಗೌಡರ ಆಳ್ವಿಕೆಯನ್ನು ಮೈಸೂರು 1728ರಲ್ಲೇ ಮುಗಿಸಿತ್ತು. ಪೇಶ್ವೆ ಬಾಲಾಜಿ ಬಾಜಿರಾವ್ 1761ರಲ್ಲಿ ತೀರಿಕೊಂಡಿದ್ದ. ಚಿತ್ರದುರ್ಗ 1779ರಲ್ಲಿ ಹೈದರನ ಕೈಸೇರಿತ್ತು. ಇದು ಕಾಲಕ್ರಮದ ಪಟ್ಟಿಯಾಗಿರದೆ ಮೈಸೂರು ಯಾರನ್ನು ಕಂಡಿತ್ತು, ಯಾರೊಂದಿಗೆ ಕಾದಿತ್ತು, ಯಾರನ್ನು ನುಂಗಿತ್ತು, ಯಾರ ಹೆಸರು ಕೇಳಿತ್ತು ಎಂಬುದರ ಸಭೆ. ಆ ಸಭೆಗೆ 1799ರ ನಂತರದ ಯಾವುದೋ ಕೈ ಹೊಸ ಮಹಾರಾಜರನ್ನು ಸೇರಿಸಿದೆ.

ಇದನ್ನು ಪ್ರಕ್ಷಿಪ್ತವೆಂದು ತಳ್ಳಿಹಾಕುವವರೊಂದಿಗೆ ನನಗೆ ಸಹಮತವಿಲ್ಲ. ಸೋತ ಸುಲ್ತಾನನ ಅರಮನೆಯ ಗೋಡೆಯಲ್ಲಿ, ಅವನಿಂದ ಅಧಿಕಾರ ಕಳೆದುಕೊಂಡಿದ್ದ ಮನೆತನದ ಅರಸನಿಗೆ ಜಾಗ ಮಾಡಿಕೊಟ್ಟ ಆ ಕುಂಚ ಒಂದು ರಾಜ್ಯದ ಕೈಬದಲಾವಣೆಯನ್ನು ದಾಖಲಿಸಿದೆ. ಅಷ್ಟೇ ಗಮನಾರ್ಹ ಸಂಗತಿ, ಅದು ಉಳಿದವರನ್ನು ಅಳಿಸಲಿಲ್ಲ.

ಇಂಗ್ಲಿಷರ ಬಟ್ಟೆಗಳ ಮೇಲೆ

ಈಗ ಎದುರು ಪಾಳೆಯದ ಚಿತ್ರಗಳಿಗೆ ಬರೋಣ. ಮೂರನೆಯ ಮೈಸೂರು ಯುದ್ಧದಲ್ಲಿ ಇಂಗ್ಲಿಷ್ ಸೇನಾಪತಿ ಕಾರ್ನ್‌ವಾಲಿಸನ ಸೈನ್ಯದ ಜೊತೆ ರಾಬರ್ಟ್ ಹೋಮ್ ಎಂಬ ಚಿತ್ರಕಾರ ಬಂದಿದ್ದ. ಬೆಂಗಳೂರು ಪೇಟೆಯ ಹೆಬ್ಬಾಗಿಲಲ್ಲಿ 1791ರ ಮಾರ್ಚ್ 7ರಂದು ಗುಂಡಿಗೆ ಬಲಿಯಾದ ಕರ್ನಲ್ ಮೂರ್‌ಹೌಸನ ಸಾವನ್ನು ಅವನು ಕ್ಯಾನ್ವಾಸಿನ ಮೇಲೆ ದೊಡ್ಡದಾಗಿ ಬರೆದ. ನೆರಳು ಬೆಳಕು, ಹೊಗೆ, ದೂರದ ಕೋಟೆ, ಗುರುತಿಸಬಹುದಾದ ಮುಖಗಳು. ನೋಡಿದರೆ ಕಣ್ಣಾರೆ ಕಂಡದ್ದೆಂಬ ನಂಬಿಕೆ ಹುಟ್ಟುತ್ತದೆ. ಆದರೆ ಸಾಯುತ್ತಿರುವ ಅಧಿಕಾರಿ ನಡುವೆ ಒರಗಿ, ಸುತ್ತ ಜೊತೆಗಾರರು ಬಾಗಿ ನಿಂತ ಆ ವಿನ್ಯಾಸ ಬೆಂಜಮಿನ್ ವೆಸ್ಟ್ 1770ರಲ್ಲಿ ಬರೆದ, ಕ್ವಿಬೆಕ್‌ನಲ್ಲಿ ಮಡಿದ ಜನರಲ್ ವುಲ್ಫನ ಚಿತ್ರದ್ದು. ಅದರ ಹಿಂದೆ ಶಿಲುಬೆಯಿಂದ ಇಳಿಸಿದ ಯೇಸುವಿನ ಸುತ್ತ ಶೋಕಿಸುವವರ ಶತಮಾನಗಳ ಚಿತ್ರಪರಂಪರೆ ಇದೆ. ಮೈಸೂರಿನ ಚಿತ್ರಕಾರನಿಗೆ ಬಾಯಿಗಿಟ್ಟ ಬೆರಳು ಹೇಗೋ ಹೋಮ್‌ಗೆ ಈ ಭಂಗಿ ಹಾಗೆ. ಇಬ್ಬರೂ ಕಲಿತದ್ದರ ಮೂಲಕವೇ ಕಂಡದ್ದನ್ನು ಬರೆದರು.

1792ರ ಫೆಬ್ರವರಿ 26ರಂದು ಟಿಪ್ಪುವಿನ ಇಬ್ಬರು ಮಕ್ಕಳನ್ನು, ಸುಮಾರು ಹತ್ತು ವರ್ಷದ ಅಬ್ದುಲ್ ಖಾಲಿಕ್ ಮತ್ತು ಎಂಟು ವರ್ಷದ ಮುಇಜುದ್ದೀನರನ್ನು, ಕಾರ್ನ್‌ವಾಲಿಸನಿಗೆ ಒತ್ತೆಯಾಗಿ ಒಪ್ಪಿಸಲಾಯಿತು. ಅರ್ಧ ರಾಜ್ಯ ಮತ್ತು 3 ಕೋಟಿ 30 ಲಕ್ಷ ರೂಪಾಯಿಯ ಶರತ್ತು ಪೂರೈಸುವವರೆಗೆ ಆ ಮಕ್ಕಳು ಜಾಮೀನು. ಇಂಗ್ಲೆಂಡಿನಲ್ಲಿ ಇದರಷ್ಟು ಸಲ ಚಿತ್ರಿತವಾದ ಮೈಸೂರಿನ ಘಟನೆ ಬಹುಶಃ 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದದ್ದು ಒಂದೇ. ಹೋಮ್ ಬರೆದ, ಆರ್ಥರ್ ಡೆವಿಸ್ ಬರೆದ, ಭಾರತವನ್ನೇ ನೋಡದ ಮೇದರ್ ಬ್ರೌನ್ ಲಂಡನ್ನಿನಲ್ಲಿ ಕುಳಿತು ಬರೆದ. ಹೋಮ್‌ನ ಚಿತ್ರದಲ್ಲಿ ಕಾರ್ನ್‌ವಾಲಿಸ್ ಹುಡುಗನ ಕೈಹಿಡಿದು ಬರಮಾಡಿಕೊಳ್ಳುತ್ತಾನೆ. ಎಡ ಅಂಚಿನಲ್ಲಿ ಚಿತ್ರಕಾರ ತನ್ನನ್ನೇ ಬರೆದುಕೊಂಡಿದ್ದಾನೆ, ನಾನಿಲ್ಲಿದ್ದೆ ಎಂದು ಸಹಿ ಹಾಕಿದಂತೆ. ಅಮೆರಿಕದ ಯಾರ್ಕ್‌ಟೌನ್‌ನಲ್ಲಿ 1781ರಲ್ಲಿ ಶರಣಾಗಿದ್ದ ಸೇನಾಪತಿ ಇಲ್ಲಿ ದಯಾಳು ತಂದೆಯಾಗಿ ಮರುಹುಟ್ಟು ಪಡೆಯುತ್ತಾನೆ. ಮಕ್ಕಳನ್ನು ಒತ್ತೆಯಿಟ್ಟುಕೊಂಡ ಕ್ರೌರ್ಯ ಆ ಕೈಹಿಡಿದ ಸ್ವಾಗತದ ಮರೆಗೆ ಸರಿಯುತ್ತದೆ. ನಿಜಾಮನನ್ನು ಪೊಳ್ಳಿಲೂರಿಗೆ ತಂದ ಗೋಡೆಗಿಂತ ಇದು ಕಡಿಮೆ ರಾಜಕೀಯದ ಚಿತ್ರವೇನಲ್ಲ. ನೈಜವಾಗಿ ಕಾಣುವುದರಿಂದ ಇದರ ರಾಜಕೀಯ ಬೇಗ ಕಣ್ಣಿಗೆ ಬೀಳುವುದಿಲ್ಲ, ಅಷ್ಟೆ.

1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಗೆ ಲಗ್ಗೆಯಿಟ್ಟ ಪಡೆಯ ಮುಂದಾಳು ಡೇವಿಡ್ ಬೇರ್ಡ್, ಪೊಳ್ಳಿಲೂರಿನಲ್ಲಿ ಸೆರೆಸಿಕ್ಕು ಇದೇ ಊರಿನಲ್ಲಿ ಸುಮಾರು ನಾಲ್ಕು ವರ್ಷ ಬಂದಿಯಾಗಿದ್ದವನು. ಒಂದು ವರ್ಷ ತುಂಬುವ ಮೊದಲೇ, 1800ರಲ್ಲಿ, ಲಂಡನ್ನಿನ ಲೈಸಿಯಂನಲ್ಲಿ ಈ ಲಗ್ಗೆಯನ್ನು ಕುರಿತು ರಾಬರ್ಟ್ ಕೆರ್ ಪೋರ್ಟರ್ ಬರೆದ 120 ಅಡಿ ಉದ್ದದ ಮಹಾಚಿತ್ರ ಜನರನ್ನು ಸೆಳೆಯಿತು. ಪೋರ್ಟರ್‌ಗೆ ಆಗ ಇಪ್ಪತ್ತಮೂರರ ವಯಸ್ಸು; ಶ್ರೀರಂಗಪಟ್ಟಣವನ್ನು ಅವನು ಕಂಡಿರಲಿಲ್ಲ. ಮೂಲಚಿತ್ರ ನಾಶವಾಯಿತು, ವೆಂಡ್ರಮಿನಿಯ ಕೆತ್ತನೆಯ ಮುದ್ರಣಗಳಲ್ಲಿ ಅದು ಉಳಿದಿದೆ. ದರಿಯಾ ದೌಲತ್‌ನ ಗೋಡೆ ಮತ್ತು ಲೈಸಿಯಂನ ಬಟ್ಟೆ ಇವೆರಡೂ ನಡೆದಾಡುತ್ತ ನೋಡುವ ವಿಜಯಗಳು. ಒಂದು ಸುಲ್ತಾನನ ಆಹ್ವಾನಿತರಿಗೆ, ಇನ್ನೊಂದು ಲಂಡನ್ನಿನ ಜನಸಾಮಾನ್ಯರಿಗೆ.

ನಲವತ್ತು ವರ್ಷಗಳ ನಂತರ, 1839ರಲ್ಲಿ, ಬೇರ್ಡನ ವಿಧವೆಯ ಕೋರಿಕೆಯಂತೆ ಡೇವಿಡ್ ವಿಲ್ಕಿ ಟಿಪ್ಪುವಿನ ಶವವನ್ನು ಬೇರ್ಡ್ ಪತ್ತೆಹಚ್ಚುವ ದೃಶ್ಯವನ್ನು ಮುಗಿಸಿದ. ದೀಪದ ಬೆಳಕು, ಎತ್ತರದಲ್ಲಿ ನಿಂತ ಬೇರ್ಡ್, ಕೆಳಗೆ ಸುಲ್ತಾನನ ದೇಹ. ಬೇರ್ಡನ ಕಾಲಡಿಯಲ್ಲಿ ಕಬ್ಬಿಣದ ಸರಳುಗಳ ಒಂದು ಕಿಂಡಿ ಇದೆ. ಅದು ಅವನಿದ್ದ ಸೆರೆಮನೆಯ ಸೂಚನೆ. ಪೊಳ್ಳಿಲೂರಿಗೆ ಕೊಟ್ಟ ಉತ್ತರವಿರುವುದು ಆ ಕಿಂಡಿಯಲ್ಲಿ. 1784ರ ಗೋಡೆ ಆರಂಭಿಸಿದ ವಾದವನ್ನು 1839ರ ಕ್ಯಾನ್ವಾಸು ಇನ್ನೂ ಮುಂದುವರಿಸುತ್ತಿತ್ತು.

ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಸಂಗ್ರಹಾಲಯದಲ್ಲಿರುವ ಟಿಪ್ಪುವಿನ ಹುಲಿಯನ್ನು ಇಲ್ಲಿ ಸಂಕ್ಷೇಪವಾಗಿ ನೆನೆಯಬಹುದು. ಐರೋಪ್ಯನೊಬ್ಬನನ್ನು ಕೆಡವಿದ ಆ ಮರದ ಹುಲಿಯ ಒಡಲಲ್ಲಿ ವಾದ್ಯಯಂತ್ರವಿದೆ. 1792ರಲ್ಲಿ ಬಂಗಾಳದ ಸಾಗರ ದ್ವೀಪದಲ್ಲಿ ಹೆಕ್ಟರ್ ಮನ್ರೋನ ಮಗ ಹುಲಿಗೆ ಬಲಿಯಾದದ್ದೇ ಅದರ ಪ್ರೇರಣೆ ಎಂದು ಬಹಳ ಕಡೆ ಓದುತ್ತೇವೆ. ಪೊಳ್ಳಿಲೂರಿಗೆ ಬಾರದ ಮನ್ರೋನ ಮಗನೆಂಬ ಕಾರಣಕ್ಕೆ ಕಥೆ ಚೆನ್ನಾಗಿ ಹೊಂದುತ್ತದೆ. ಆದರೆ ಹುಲಿ ಟಿಪ್ಪುವಿನ ಸಿಂಹಾಸನದಲ್ಲಿ, ಕತ್ತಿಯ ಹಿಡಿಯಲ್ಲಿ, ಫಿರಂಗಿಯ ಬಾಯಲ್ಲಿ, ಸೈನಿಕರ ಉಡುಪಿನ ಪಟ್ಟೆಗಳಲ್ಲಿ ಎಲ್ಲೆಲ್ಲೂ ಇತ್ತು. ಇಡೀ ರಾಜ್ಯದ ಲಾಂಛನವನ್ನು ಒಂದು ಸುದ್ದಿಗೆ ಕಟ್ಟಿಹಾಕುವುದು ದುರ್ಬಲವಾದ ತರ್ಕ.

ಉದ್ದೇಶವಿಲ್ಲದೆ ಉಳಿದ ಸಾಕ್ಷ್ಯ

ವಿಜಯ ಸಾರುವ ಚಿತ್ರಗಳಿಗಿಂತ ಹೆಚ್ಚು ನಂಬಬಹುದಾದವು ಬೇರೆ ಕೆಲಸಕ್ಕಾಗಿ ಬರೆದವು. ಹೋಮ್‌ನ ಮೈಸೂರು ದೃಶ್ಯಗಳ ಪುಸ್ತಕವೂ ಅಲೆಕ್ಸಾಂಡರ್ ಅಲನ್‌ನ ಪುಸ್ತಕವೂ 1794ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದವು. ಭೂಮಾಪಕನಾಗಿದ್ದ ಕೋಲ್‌ಬ್ರೂಕ್ ಕೂಡ ಅದೇ ಸುಮಾರಿಗೆ ಮೈಸೂರು ನಾಡಿನ ನೋಟಗಳನ್ನು ಹೊರತಂದ. ಸಾವನದುರ್ಗ, ನಂದಿದುರ್ಗ, ಶಿವಗಂಗೆ, ಬೆಂಗಳೂರು ಕೋಟೆ. ಬೆಟ್ಟದ ಇಳಿಜಾರು, ಕೋಟೆಯ ಸುತ್ತು, ಬಾಗಿಲ ನೆಲೆ ಇವನ್ನು ಸೈನಿಕನ ಕಣ್ಣಿನಿಂದ ಅಳೆದು ಬರೆದಿದ್ದಾರೆ. ಆಕ್ರಮಣಕ್ಕೆ ಬಂದವರ ಕಣ್ಣೇ ಆದರೂ, ಇಂದು ಬಹುಪಾಲು ಮಾಯವಾಗಿರುವ ಬೆಂಗಳೂರು ಕೋಟೆಯ ರೂಪವನ್ನು ತಿಳಿಯಲು ಈ ಹಾಳೆಗಳ ಸಮಕ್ಕೆ ಬೇರೆ ಆಧಾರ ಕಡಿಮೆ. ಹೋಮ್ ಬರೆದ ಸಣ್ಣ ಜಲವರ್ಣವೊಂದರಲ್ಲಿ ಮೈಸೂರಿನ ಸೈನಿಕನೊಬ್ಬ ರಾಕೆಟ್ಟನ್ನೇ ಬಾವುಟದ ಕೋಲಾಗಿ ಹಿಡಿದು ನಿಂತಿದ್ದಾನೆ. ಕಬ್ಬಿಣದ ಕೊಳವೆ, ಅದಕ್ಕೆ ಕಟ್ಟಿದ ಉದ್ದನೆಯ ಬಿದಿರು. 2018ರಲ್ಲಿ ಹೊಸನಗರ ತಾಲ್ಲೂಕಿನ ನಗರದ ಬಳಿ ಹಾಳುಬಾವಿಯೊಂದರಿಂದ 1,000ಕ್ಕೂ ಹೆಚ್ಚು ರಾಕೆಟ್ ಕೊಳವೆಗಳು ಹೊರಬಂದಾಗ ಆ ಜಲವರ್ಣದ ಬೆಲೆ ಹೆಚ್ಚಿತು. ನೆಲದಲ್ಲಿ ಸಿಕ್ಕದ್ದು ಕಬ್ಬಿಣ ಮಾತ್ರ. ಅದನ್ನು ಹಿಡಿದ ಕೈ, ಹೆಗಲು, ಬಿದಿರಿನ ಉದ್ದ ಚಿತ್ರದಲ್ಲಿವೆ.

ದೇಶೀ ಚಿತ್ರಪರಂಪರೆಯನ್ನು ಅರಿಯಲು ತುಮಕೂರು–ಶಿರಾ ದಾರಿಯ ಸೀಬಿಯ ನರಸಿಂಹಸ್ವಾಮಿ ದೇವಾಲಯಕ್ಕೆ ಹೋಗಬೇಕು. ಟಿಪ್ಪುವಿನ ಆಡಳಿತದಲ್ಲಿ ಅಧಿಕಾರಿಯಾಗಿದ್ದ ಕಚೇರಿ ಕೃಷ್ಣಪ್ಪನ ಮಕ್ಕಳು, ನಲ್ಲಪ್ಪ ಮತ್ತು ಅವನ ಸೋದರರು, ಅದನ್ನು ಕಟ್ಟಿಸಿದರು. ಮುಖಮಂಟಪದ ಮಾಳಿಗೆಯಲ್ಲಿ ದಶಾವತಾರ, ಕೃಷ್ಣಲೀಲೆಗಳ ಜೊತೆಗೆ ಆ ಕಾಲದ ಒಡ್ಡೋಲಗ, ಮೆರವಣಿಗೆಗಳು ಇವೆ. ಅಧಿಕಾರಿಯ ಮನೆತನ ತಾನು ಕಂಡ ಆಸ್ಥಾನವನ್ನು ದೇವರ ಮಾಳಿಗೆಗೆ ಏರಿಸಿತು. ದರಿಯಾ ದೌಲತ್‌ನಷ್ಟು ಕೈಗಳು ಸೀಬಿಯ ಬಣ್ಣವನ್ನು ತಿದ್ದಿಲ್ಲ. ಹಾಗಾಗಿ 1800ರ ಆಸುಪಾಸಿನ ಮೈಸೂರು ಭಿತ್ತಿಚಿತ್ರದ ರೇಖೆ ಹೇಗಿತ್ತು ಎಂಬುದಕ್ಕೆ ಅದು ಅಳತೆಗೋಲಾಗಬಲ್ಲುದು.

ಇನ್ನೊಂದು ಅಳತೆಗೋಲು ಕಾಗದದ ಪ್ರತಿಗಳು. ಪೊಳ್ಳಿಲೂರಿನ ಭಿತ್ತಿಚಿತ್ರದ ಸಂಯೋಜನೆಯನ್ನೇ ಹತ್ತು ಹಾಳೆಗಳ ಮೇಲೆ ಸುಮಾರು 32 ಅಡಿ ಉದ್ದಕ್ಕೆ ಬರೆದ ಪ್ರತಿಯೊಂದು 2022ರ ಮಾರ್ಚ್‌ನಲ್ಲಿ ಲಂಡನ್ನಿನ ಸೋದಬಿ ಹರಾಜಿನಲ್ಲಿ 6,30,000 ಪೌಂಡಿಗೆ ಮಾರಾಟವಾಯಿತು. ಸುದ್ದಿಪತ್ರಿಕೆಗಳು ಬೆಲೆಯನ್ನು ಬರೆದವು. ಸಂಶೋಧಕರಿಗೆ ಅದರಲ್ಲಿರುವ ಆಸ್ತಿ ಬೇರೆ. ಡಾಲ್‌ಹೌಸಿಯ ಕಲಾವಿದ ಕುಂಚ ಹಿಡಿಯುವ ಮುಂಚಿನ ರೂಪವನ್ನು ಅಂಥ ಪ್ರತಿಗಳು ಕಾಪಾಡಿವೆಯಾದರೆ, ಗೋಡೆಯ ಒಂದೊಂದು ಪಟ್ಟಿಕೆಯನ್ನೂ ಅವುಗಳ ಪಕ್ಕದಲ್ಲಿಟ್ಟು ಯಾವ ಕುದುರೆ ಹೆಚ್ಚಾಯಿತು, ಯಾವ ಮುಖ ಬದಲಾಯಿತು, ನಿಜಾಮನ ಹಂದಿ ಹಸುಗಳು ಯಾವ ಕೈಯವು ಎಂದು ಹೇಳಲು ಸಾಧ್ಯ. ಗೋಡೆಯ ಉತ್ತಮ ಛಾಯಾಚಿತ್ರ ದಾಖಲೆ, ಬಣ್ಣದ ಪದರಗಳ ರಾಸಾಯನಿಕ ಪರೀಕ್ಷೆ, ಪ್ರತಿಗಳ ಹೋಲಿಕೆ, ಸೀಬಿಯ ರೇಖೆಗಳ ಅಧ್ಯಯನ ಈ ನಾಲ್ಕೂ ಒಟ್ಟಿಗೆ ನಡೆಯಬೇಕು. ಅದರಲ್ಲಿ ಮೊದಲು ಕೈಹಚ್ಚಬೇಕಾದ್ದು ಪೂರ್ವದ ಗೋಡೆಯ ಕೃಷ್ಣರಾಜ ಒಡೆಯರ ಪಟ್ಟಿಕೆಗೆ. ಅಲ್ಲಿನ ಬಣ್ಣ ಯಾವ ಕಾಲದ್ದೆಂದು ಗೊತ್ತಾದರೆ, ಅದೇ ಬಣ್ಣ ಪಶ್ಚಿಮದ ಗೋಡೆಯಲ್ಲಿ ಎಲ್ಲೆಲ್ಲಿದೆ ಎಂದು ಹುಡುಕಲು ಒಂದು ನೆಲೆ ಸಿಗುತ್ತದೆ.